ಬದಲಾದ ಮಾತು ಮತ್ತು ನಮ್ಮ ಸಹನೆ

(ಫರಂಗಿಪೇಟೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೊರೋನಾ ಕಾಲದ ಬಗ್ಗೆ ಇಂದು ಮಾತನಾಡುವ ಅಗತ್ಯವೇನೆಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಅಂದು ನಮ್ಮ ಮನೆಗಳಲ್ಲಿ ಹುಟ್ಟಿಕೊಂಡ ಒಂದು ಮಾತು ಇನ್ನೂ ಹೋಗಿಲ್ಲ. 'ಇವರು ಇಂದು ಒಂದು ಹೇಳುತ್ತಾರೆ, ನಾಳೆ ಇನ್ನೊಂದು, ನಂಬುವುದು ಹೇಗೆ?' ಮಗುವಿಗೆ ಚುಚ್ಚುಮದ್ದು ಹಾಕಿಸುವ ದಿನವೂ ಇದೇ ಮಾತು ಕೇಳಿಬರುತ್ತದೆ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೇ ಬೀಗ ಬಿತ್ತು. ಎಲೆ, ತಂಬಾಕು ಸಿಗದೆ ಬೀಡಿ ಕಟ್ಟುವ ನಮ್ಮ ಮಹಿಳೆಯರ ಕೈ ಖಾಲಿಯಾಯಿತು. ಜುಮಾ ನಿಂತಿತು. ಆ ರಮಝಾನಿನ ತರಾವೀಹ್ ಮನೆಗಳಲ್ಲೇ ನಡೆಯಿತು. ಜೂನ್ 8ರಂದು ಆರಾಧನಾಲಯಗಳು ತೆರೆಯುವ ತನಕ ನಮ್ಮ ಜನರು ತೋರಿದ ಸಹನೆ ಸಣ್ಣದಲ್ಲ.

ಅಂತಹ ಜನರೇ ಮಾಸ್ಕ್‌ನ ವಿಷಯದಲ್ಲಿ ತಾಳ್ಮೆ ಕಳಕೊಂಡರು. ಆರೋಗ್ಯವಂತರಿಗೆ ಮಾಸ್ಕ್ ಬೇಡ ಎಂದು ಆರಂಭದಲ್ಲಿ ಹೇಳಲಾಗಿತ್ತು. ಏಪ್ರಿಲ್ ಆರಂಭದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು, ಮನೆಯಲ್ಲೇ ಹೊಲಿದ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ ಎಂದಿತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಸಲಹೆಯನ್ನು ಬದಲಿಸಿತು. ಇದು ಮೋಸವೇ? ಕೆಮ್ಮು, ಜ್ವರ ಇರುವವರಿಂದಲೇ ಮುಖ್ಯವಾಗಿ ರೋಗ ಹರಡುತ್ತದೆ ಎಂಬುದು ಮೊದಲಿನ ತಿಳುವಳಿಕೆಯಾಗಿತ್ತು. ಯಾವ ಲಕ್ಷಣವೂ ಇಲ್ಲದವರಿಂದಲೂ ಹರಡುತ್ತದೆಂದು ಬಳಿಕ ಗೊತ್ತಾಯಿತು. ಗೊತ್ತಾದ ಮೇಲೂ ಹಳೆಯ ಮಾತಿಗೇ ಅಂಟಿಕೊಂಡಿದ್ದರೆ ಅದು ಮೋಸವಾಗುತ್ತಿತ್ತು. ಆದರೆ ವೈದ್ಯರಿಗೇ ಮಾಸ್ಕ್ ಸಾಲದೆಂಬ ಕೊರತೆಯೂ ಆ ಮೊದಲ ಸಲಹೆಯ ಹಿಂದೆ ಇತ್ತು. ಅದನ್ನು ಜನರ ಮುಂದೆ ಸ್ಪಷ್ಟವಾಗಿ ಇಡಬೇಕಿತ್ತು.

ಕೋವಿಶೀಲ್ಡ್‌ನ ಕಥೆಯೂ ಹೀಗೆಯೇ. 2021ರ ಜನವರಿಯಲ್ಲಿ ಎರಡು ಡೋಸ್‌ಗಳ ನಡುವಣ ಅಂತರ 4ರಿಂದ 6 ವಾರ. ಮಾರ್ಚ್‌ನಲ್ಲಿ ಅದು 8 ವಾರದವರೆಗೆ ಹೋಯಿತು. ಮೇ ತಿಂಗಳಲ್ಲಿ 12ರಿಂದ 16 ವಾರವಾಯಿತು. ಆಗಲೇ ಲಸಿಕೆಯ ದಾಸ್ತಾನೂ ಬರಿದಾಗಿದ್ದುದರಿಂದ ಜನರು ಅನುಮಾನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಅಂತರ ಹೆಚ್ಚಿದರೆ ರಕ್ಷಣೆ ಹೆಚ್ಚುತ್ತದೆಂಬ ಸೂಚನೆ ಪ್ರಯೋಗಗಳಿಂದಲೇ ಬಂದಿತ್ತು. ಬ್ರಿಟನ್ ಅದಕ್ಕೆ ಮೊದಲೇ 12 ವಾರಗಳವರೆಗೆ ಕಾಯುವ ಕ್ರಮ ತಂದಿತ್ತು.

ಅರೆಬರೆ ತಿಳುವಳಿಕೆಯಲ್ಲೇ ನಿರ್ಧಾರ ತೆಗೆದುಕೊಳ್ಳಬೇಕಾದ ಸಂಕಟ ನಮ್ಮ ಚರಿತ್ರೆಗೆ ಹೊಸದಲ್ಲ. ಖಲೀಫಾ ಉಮರ್(ರ) ಸಿರಿಯಾದತ್ತ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಅಲ್ಲಿ ಸಾಂಕ್ರಾಮಿಕ ಹಬ್ಬಿರುವ ಸುದ್ದಿ ಬಂತು. ಅವರು ಮುಹಾಜಿರ್‌ಗಳನ್ನು ಕೇಳಿದರು, ಅಭಿಪ್ರಾಯ ಒಡೆಯಿತು. ಅನ್ಸಾರ್‌ಗಳನ್ನು ಕೇಳಿದರು, ಅಲ್ಲೂ ಒಡೆಯಿತು. ಕುರೈಶ್ ಹಿರಿಯರು ಹಿಂದಿರುಗುವುದೇ ಲೇಸೆಂದರು. ಉಮರ್(ರ) ಹಿಂದಿರುಗಲು ನಿರ್ಧರಿಸಿದರು. ಅಬೂ ಉಬೈದಾ(ರ)ರಂಥವರು ಆಕ್ಷೇಪಿಸಿದರೂ ನಿರ್ಧಾರ ಬದಲಿಸಲಿಲ್ಲ. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿದ್ದವರು ಹೊರಡಬಾರದು ಎಂಬ ಪ್ರವಾದಿ(ಸ)ಯವರ ಸೂಚನೆಯನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದ್ದು ಆ ನಂತರ. ಮೊದಲ ಸಮಾಲೋಚನೆಯ ಹೊತ್ತಿಗೆ ಅವರು ಅಲ್ಲಿರಲಿಲ್ಲ. ನಾವು ಈ ಘಟನೆಯನ್ನು ಹೇಳುವಾಗ ಸಾಮಾನ್ಯವಾಗಿ ಕೊನೆಯ ಭಾಗವನ್ನಷ್ಟೇ ಹೇಳುತ್ತೇವೆ. ನಡುವಿನ ಆ ಗೊಂದಲದ ತಾಸುಗಳನ್ನು ಬಿಟ್ಟುಬಿಡುತ್ತೇವೆ.

ಹಾಗೆಂದು ಎಲ್ಲವನ್ನೂ ಸಹಿಸಬೇಕೆಂದು ನಾನು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಕೇರಳದ ಗಡಿಯ ರಸ್ತೆಗಳನ್ನು ಮುಚ್ಚಲಾಯಿತು. ಕೆಲವೆಡೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿ ಸಿಗದೆ ಪ್ರಾಣ ಬಿಟ್ಟರು. ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಿರೆಂದು ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಬೇಕಾಯಿತು. ಹೃದ್ರೋಗಿಯನ್ನು ತಲಪಾಡಿಯಲ್ಲಿ ತಡೆಯಿರಿ ಎಂದು ಯಾವ ವಿಜ್ಞಾನ ಹೇಳಿತ್ತು? ಇಲ್ಲಿ ಬದಲಾಗುವ ತಿಳುವಳಿಕೆಯ ಪ್ರಶ್ನೆಯೇ ಇರಲಿಲ್ಲ. ಇದನ್ನು ವಿರೋಧಿಸಲೇಬೇಕಿತ್ತು. ಇವೆರಡನ್ನೂ ಬೆರೆಸಿ, ಗಡಿ ಮುಚ್ಚಿದವರ ಮೇಲಿನ ಸಿಟ್ಟನ್ನು ಲಸಿಕೆಯ ಮೇಲೆ ತೀರಿಸಿಕೊಂಡರೆ ನಷ್ಟ ನಮ್ಮ ಮಕ್ಕಳಿಗೇ.

ಇನ್ನು ಮುಂದೆ ಯಾವುದಾದರೂ ಆರೋಗ್ಯ ಸೂಚನೆ ಬದಲಾದಾಗ, ಮನೆಗೆ ಬರುವ ಆಶಾ ಕಾರ್ಯಕರ್ತೆಯೊಡನೆ ಜಗಳಕ್ಕೆ ನಿಲ್ಲಬೇಡಿ. ಆ ಸೂಚನೆಯನ್ನು ಆಕೆ ಬರೆದದ್ದಲ್ಲ. ಮೊದಲು ಹೀಗೆ ಹೇಳಿದ್ದಿರಿ, ಈ ನಡುವೆ ಹೊಸದಾಗಿ ಏನು ತಿಳಿಯಿತು ಎಂದು ಕೇಳಿ. ಆಕೆಗೆ ಗೊತ್ತಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. ಸಿಕ್ಕ ಉತ್ತರವನ್ನು ನೆರೆಮನೆಯವರಿಗೂ ತಿಳಿಸಿ.