ಹಂಪಮ್ಮ ಎಂಬ ಹೆಸರು



ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ನಾವು ಕೆಲಕಾಲ ಉಪಾಧ್ಯಾಯರಾಗಿದ್ದೆವು. ಶಾಲೆ ತೆರೆದ ದಿನ ಅಜ್ಜಿಯೊಬ್ಬಳು ಮೊಮ್ಮಗಳನ್ನು ಕರೆತಂದು, "ಹಂಪಮ್ಮ ಅಂತ ಬರೀರಿ" ಎಂದಳು. ನಾವು ದಾಖಲಾತಿ ಪುಸ್ತಕದಲ್ಲಿ 'ಪಂಪಾದೇವಿ' ಎಂದು ಬರೆದೆವು. ಹಳ್ಳಿಯ ಬಾಯಲ್ಲಿ ಕೆಟ್ಟ ಹೆಸರನ್ನು ತಿದ್ದಿಕೊಟ್ಟೆವೆಂಬ ತೃಪ್ತಿಯೂ ನಮಗಿತ್ತು. ಓದಿ ಹೇಳಿದಾಗ ಅಜ್ಜಿ, "ಯಪ್ಪಾ, ಹಂಪಿ ಜಾತ್ರಿಗೆ ಹೋಗೂ ಮುಂದ ಪಂಪಿ ಜಾತ್ರಿಗೆ ಹೊಂಟೀವಿ ಅಂತೀವೇನು?" ಎಂದು ಕೇಳಿದಳು. ಉತ್ತರ ನಮಗೆ ಹೊಳೆಯಲಿಲ್ಲ.

ಆಮೇಲೆ ಯೋಚಿಸಿದಂತೆಲ್ಲ ಅಜ್ಜಿಯ ಪಕ್ಷವೇ ಬಲವಾಗಿ ತೋರಿತು. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆಣ್ ಹೆಣ್ಣಾಯಿತು. ಪಳ್ಳಿ ಹಳ್ಳಿಯಾದುದರಿಂದಲೇ ತಂಬ್ರಹಳ್ಳಿಯ ಬಾಲವೂ ಹಳ್ಳಿಯೆಂದಿದೆ. ಇವನ್ನು ಕೆಟ್ಟ ಮಾತುಗಳೆಂದು ಯಾರೂ ತಿದ್ದಹೋಗುವುದಿಲ್ಲ. ಪಂಪೆ ಹಂಪೆಯಾದುದೂ ಇದೇ ದಾರಿಯಲ್ಲಿ. ಪಂಪಾ ಸಂಸ್ಕೃತ ಪದವಲ್ಲವೆ, ಪಾಪ ಪುಣ್ಯಗಳು ಹಾಗೆಯೇ ಉಳಿದಿಲ್ಲವೆ ಎಂದು ಪಂಡಿತರು ಕೇಳಬಹುದು. ಉಳಿದಿವೆ, ನಿಜ. ಆದರೆ ಪರ್ವ ಹಬ್ಬವಾದುದೂ ಉಂಟು. ಗ್ರಂಥದಲ್ಲಿ ಉಳಿದ ಪದ ತನ್ನ ರೂಪವನ್ನು ಕಾಪಾಡಿಕೊಳ್ಳುತ್ತದೆ. ಅಡಿಗೆಮನೆಗೂ ಜಾತ್ರೆಗೂ ಬಂದ ಪದ ಮನೆಯವರಂತೆ ಮಾತನಾಡಲು ಕಲಿಯುತ್ತದೆ. ಕ್ರಿ. ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಪಂಪನನ್ನು ಯಾರೂ ಹಂಪನೆನ್ನಲಿಲ್ಲ. ಹರಿಹರನು ತನ್ನ ಶತಕಕ್ಕೆ ಪಂಪಾಶತಕವೆಂದು ಹೆಸರಿಟ್ಟರೂ ಅವನ ಸೋದರಳಿಯನು ನಮಗೆಲ್ಲ ಹಂಪೆಯ ರಾಘವಾಂಕನೇ.

ಇನ್ನು ಈ ಪಂಪೆ ಯಾರು? ರಾಮಾಯಣದಲ್ಲಿ ಅವಳು ಸರೋವರ. ಕಿಷ್ಕಿಂಧಾಕಾಂಡ ಅವಳ ದಡದಲ್ಲಿಯೇ ಆರಂಭವಾಗುತ್ತದೆ. ತುಂಗಭದ್ರೆಗೂ ಪಂಪೆಯೆಂಬ ಹಳೆಯ ಹೆಸರುಂಟು. ಸ್ಥಳದ ಕಥೆಯಲ್ಲಿಯಾದರೋ ಅವಳು ಕನ್ಯೆ. ಹೇಮಕೂಟದಲ್ಲಿ ತಪಸ್ಸಿಗೆ ಕುಳಿತ ಶಿವನನ್ನು ತನ್ನ ತಪಸ್ಸಿನಿಂದಲೇ ಒಲಿಸಿಕೊಂಡವಳು. ಮನ್ಮಥನು ಸುಟ್ಟುಹೋದ ನೆನಪಿಗೆ ದೇವಾಲಯದ ಪಕ್ಕದಲ್ಲಿ ಮನ್ಮಥ ಹೊಂಡವಿದೆ. ಚಳಿಗಾಲದ ಫಲಪೂಜೆಯಲ್ಲಿ ಅವಳ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ. ವರ್ಷವರ್ಷವೂ ಇದು ನಡೆಯುತ್ತ ಬಂದಿದೆ. ಆ ಮದುವೆಯಿಂದ ವಿರೂಪಾಕ್ಷನಿಗೆ ಪಂಪಾಪತಿಯೆಂಬ ಹೆಸರು ಬಂದಿತು. ಹೆಂಡತಿಯಿಂದ ಗಂಡನನ್ನು ಗುರುತಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಅಷ್ಟಾಗಿ ಇಲ್ಲ. ದೇವರಿಗೆ ಅದರಿಂದ ಕುಂದೇನೂ ಆದಂತೆ ಕಾಣೆವು.

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಹಂಪಮ್ಮ, ಹಂಪವ್ವ ಎಂದು ಹೆಣ್ಣು ಮಕ್ಕಳಿಗೂ, ಹಂಪಣ್ಣ, ಹಂಪಯ್ಯ ಎಂದು ಗಂಡು ಮಕ್ಕಳಿಗೂ ಹೆಸರಿಡುತ್ತಾರೆ. ಪಟ್ಟಣಕ್ಕೆ ಬಂದ ಹಂಪಮ್ಮಂದಿರಲ್ಲಿ ಕೆಲವರು ತಮ್ಮ ಹೆಸರನ್ನು ಮೆಲ್ಲನೆ ಹೇಳುವುದನ್ನು ನಾವು ಕೇಳಿದ್ದೇವೆ. ಆ ಸಂಕೋಚವನ್ನು ಅವರಿಗೆ ಕಲಿಸಿದವರು ನಮ್ಮಂತಹ ಉಪಾಧ್ಯಾಯರೇ ಇರಬೇಕು.

ಮರುದಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾವು ಆ ಪುಸ್ತಕವನ್ನು ತೆರೆದೆವು. 'ಪಂಪಾದೇವಿ'ಯ ಮೇಲೆ ಗೆರೆಯೆಳೆದು, ಪಕ್ಕದಲ್ಲಿ 'ಹಂಪಮ್ಮ' ಎಂದು ಬರೆದು, ರುಜು ಹಾಕಿದೆವು. ಹುಡುಗಿ ಅಷ್ಟರಲ್ಲಿ ತನ್ನ ಹಲಗೆಯ ಮೇಲೆ ಹಕಾರವನ್ನು ತಿದ್ದುತ್ತಿದ್ದಳು.