ವಾರ್ಮ್ ಸೌಂಡಾ, ಬರೀ ಜೋರು ಸೌಂಡಾ?

ಆಂಪ್ಲಿಫೈಯರ್ ಬಗ್ಗೆ ಮಾತು ಬಂದ್ರೆ ಎರಡು ಪದ ಕೇಳಿಯೇ ಕೇಳ್ತೀವಿ: ಒಂದು 'ವಾರ್ಮ್', ಇನ್ನೊಂದು 'ನ್ಯೂಟ್ರಲ್'.

ನ್ಯೂಟ್ರಲ್ ಅಂದ್ರೆ ಬಂದ ಸಂಗೀತಕ್ಕೆ ತನ್ನದೇನೂ ಸೇರಿಸದೆ ದೊಡ್ಡದು ಮಾಡೋದು. ವಾರ್ಮ್ ಆಂಪ್ ಸ್ವಲ್ಪ ಸೇರಿಸುತ್ತೆ. ಎಷ್ಟೋ ವಾಲ್ವ್ ಆಂಪ್‌ಗಳು ಮೂಲ ಸ್ವರದ ಎರಡರಷ್ಟು ಕಂಪನವನ್ನು ತುಸು ಬೆರೆಸುತ್ತವೆ. ಅದು ಮೇಲಿನ ಸ್ಥಾಯಿಯ ಅದೇ ಸ್ವರ. ಷಡ್ಜದ ಜೊತೆ ತಾರ ಷಡ್ಜ ಇದ್ದ ಹಾಗೆ. ಹಾಗಾಗಿ ಕಿವಿಗೆ ಅಪಸ್ವರ ಅನ್ನಿಸಲ್ಲ, ತುಂಬಿಕೊಂಡಂತೆ ಕೇಳುತ್ತೆ.

ಒಮ್ಮೆ ಗೆಳೆಯನ ಮನೇಲಿ ವಾಲ್ವ್ ಆಂಪ್ ಕೇಳಿ ನಾನು ಮರುಳಾದೆ. ಉಳಿತಾಯದ ದುಡ್ಡೆಲ್ಲ ಸುರಿಯೋಕೆ ರೆಡಿ ಆಗಿದ್ದೆ. ಅವನು ಸ್ಪೀಕರ್ ತಂತಿಗೆ ಮಲ್ಟಿಮೀಟರ್ ಹಿಡಿದ. ವಾಲ್ವ್ ಆಂಪ್ ಸುಮಾರು 1 ಡೆಸಿಬಲ್ ಜೋರಾಗಿತ್ತು! ಅಷ್ಟು ಚಿಕ್ಕ ವ್ಯತ್ಯಾಸ ನಮಗೆ 'ಜೋರು' ಅನ್ನಿಸಲ್ಲ, 'ಚೆನ್ನಾಗಿದೆ' ಅನ್ನಿಸುತ್ತೆ. ಎರಡನ್ನೂ ಸಮ ಮಾಡಿ, ಯಾವುದು ಅಂತ ಹೇಳದೆ ಕೇಳಿಸಿದ. 10 ಸಲದಲ್ಲಿ 5 ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು.

ವಾರ್ಮ್ ಇಷ್ಟಪಡೋದು ತಪ್ಪಲ್ಲ. ಆದ್ರೆ ದುಡ್ಡು ಕೊಡೋ ಮುಂಚೆ ವಾಲ್ಯೂಮ್ ಸಮ ಮಾಡಿಸಿ, ಹೆಸರು ನೋಡದೆ ಕೇಳಿ. ಆಮೇಲೂ ಇಷ್ಟ ಆದ್ರೆ ಧೈರ್ಯವಾಗಿ ತಗೊಳ್ಳಿ.