ಗಣಿತ ಮತ್ತು ಹಣಕಾಸು: ಒಂದೇ ಪದವಿಯಲ್ಲಿ ಎರಡು ವಿದ್ಯೆ



ಪಿ.ಯು.ಸಿ. ಮುಗಿಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಗಣಿತ ಬಂದರೆ ಎಂಜಿನಿಯರಿಂಗ್, ಬಾರದಿದ್ದರೆ ಕಾಮರ್ಸ್." ಕೂಡುವುದು ಕಳೆಯುವುದನ್ನು ಬಿಟ್ಟರೆ ಹಣಕಾಸಿಗೂ ಗಣಿತಕ್ಕೂ ಬೇರೆ ಸಂಬಂಧವಿಲ್ಲ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಇದು ಸರಿಯಲ್ಲ. ಇವೆರಡನ್ನೂ ಜೊತೆಯಾಗಿ ಕಲಿಸುವ ಆನರ್ಸ್ ಪದವಿಗಳು ಅನೇಕ ವಿಶ್ವವಿದ್ಯಾಲಯಗಳಲ್ಲಿವೆ. ಅವುಗಳಲ್ಲಿ ಏನು ಕಲಿಯುತ್ತೇವೆ, ಏಕೆ ಕಲಿಯಬೇಕು ಎಂಬುದನ್ನು ಈಗ ನೋಡೋಣ.

ಮೊದಲು ಒಂದು ಲೆಕ್ಕ. ನಿಮ್ಮ ತಂದೆಯವರು 1,00,000 ರೂಪಾಯಿ ಸಾಲ ಪಡೆಯುತ್ತಾರೆ ಎಂದಿಟ್ಟುಕೊಳ್ಳಿ. "ಬಡ್ಡಿ ಶೇಕಡಾ 10 ಮಾತ್ರ, 12 ಸಮಾನ ಕಂತು" ಎನ್ನುತ್ತಾರೆ ಸಾಲ ಕೊಡುವವರು. ಬಡ್ಡಿ 10,000, ಒಟ್ಟು 1,10,000, ತಿಂಗಳಿಗೆ 9,167 ರೂಪಾಯಿ. ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಮೊದಲ ಕಂತು ಕಟ್ಟಿದ ದಿನದಿಂದಲೇ ಅಸಲು ಇಳಿಯತೊಡಗುತ್ತದೆ. ಆರು ತಿಂಗಳಿಗೆ ಸುಮಾರು ಅರ್ಧ ಸಾಲ ತೀರಿರುತ್ತದೆ. ಬಡ್ಡಿಯನ್ನು ಮಾತ್ರ ವರ್ಷಪೂರ್ತಿ ಇಡೀ ಒಂದು ಲಕ್ಷಕ್ಕೆ ಹಾಕಲಾಗಿದೆ! ಬಾಕಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ವರ್ಷಕ್ಕೆ ಸುಮಾರು ಶೇಕಡಾ 18.

ಇನ್ನೊಬ್ಬರು ಬಾಕಿ ಅಸಲಿನ ಮೇಲೆ ಶೇಕಡಾ 12ರ ಬಡ್ಡಿಗೆ ಅಷ್ಟೇ ಸಾಲ ಕೊಡುತ್ತಾರೆ ಎನ್ನೋಣ. ಕೇಳುವುದಕ್ಕೆ 12 ಹೆಚ್ಚು, 10 ಕಡಿಮೆ. ಆದರೆ ಈ ಸಾಲದ ಕಂತು 8,885 ರೂಪಾಯಿ. ವರ್ಷದ ಬಡ್ಡಿ ಸುಮಾರು 6,600 ಮಾತ್ರ. ಇದನ್ನು ಕಂಡುಹಿಡಿಯಲು ಬೇಕಾದುದು ನೀವು ಈಗಾಗಲೇ ಕಲಿತಿರುವ ಗುಣೋತ್ತರ ಶ್ರೇಢಿ. ಗಣಿತ ಬಲ್ಲವನು ಸಂಖ್ಯೆಯನ್ನು ನೋಡಿ ಸುಮ್ಮನಾಗುವುದಿಲ್ಲ. ಆ ಸಂಖ್ಯೆಯ ಹಿಂದೆ ಯಾವ ಊಹೆ ಅಡಗಿದೆ ಎಂದು ಕೇಳುತ್ತಾನೆ. ಈ ಪದವಿಯ ತಿರುಳೂ ಇದೇ.

ಈ ನಂಟು ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳಿವೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತಗ್ರಂಥ ಬರೆದು ಅದಕ್ಕೆ 'ವ್ಯವಹಾರಗಣಿತ' ಎಂದೇ ಹೆಸರಿಟ್ಟನು.

ಯೂರೋಪಿನಲ್ಲಿ ಬಡ್ಡಿಯ ಪ್ರಶ್ನೆಯೊಂದು ಗಣಿತಕ್ಕೇ ಹೊಸ ಸಂಖ್ಯೆಯೊಂದನ್ನು ಕೊಟ್ಟಿತು. 1683ರಲ್ಲಿ ಯಾಕೋಬ್ ಬರ್ನೂಲಿ ಹೀಗೆ ಯೋಚಿಸಿದನು: ಒಂದು ರೂಪಾಯಿಗೆ ವರ್ಷಕ್ಕೆ ಶೇಕಡಾ 100 ಬಡ್ಡಿ ಎಂದುಕೊಳ್ಳಿ. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೆ 2 ರೂಪಾಯಿ. ಆರು ತಿಂಗಳಿಗೊಮ್ಮೆ ಸೇರಿಸಿದರೆ 2.25. ಪ್ರತಿ ತಿಂಗಳು ಸೇರಿಸಿದರೆ 2.613. ಪ್ರತಿದಿನ ಸೇರಿಸಿದರೆ 2.7146. ಕ್ಷಣಕ್ಷಣಕ್ಕೂ ಸೇರಿಸಿದರೆ ಹಣ ಮಿತಿಯಿಲ್ಲದೆ ಬೆಳೆದೀತೆ? ಇಲ್ಲ, 2.71828ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಲನಶಾಸ್ತ್ರದಲ್ಲಿ 'ಇ' ಎಂಬ ಅಕ್ಷರದಿಂದ ನೀವು ಗುರುತಿಸುವ ಸಂಖ್ಯೆ ಇದೇ.

ಷೇರುಪೇಟೆಯ ಕಥೆಯೂ ಹೀಗೆಯೇ. 1900ರಲ್ಲಿ ಪ್ಯಾರಿಸ್ಸಿನ ಲೂಯಿ ಬಾಶೆಲಿಯೆ ತನ್ನ ಪ್ರೌಢಪ್ರಬಂಧದಲ್ಲಿ ಬೆಲೆಗಳ ಏರಿಳಿತವನ್ನು ಸಂಭವನೀಯತೆಯ ನಿಯಮಗಳಿಂದ ವಿವರಿಸಿದನು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಲೆದಾಟಕ್ಕೆ ಐನ್‌ಸ್ಟೈನ್ 1905ರಲ್ಲಿ ಕೊಟ್ಟ ವಿವರಣೆಯ ಹಿಂದೆಯೂ ಅಂಥದೇ ಗಣಿತವಿತ್ತು. 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಷೋಲ್ಸ್ 'ಆಪ್ಷನ್' ಎಂಬ ಒಪ್ಪಂದಕ್ಕೆ ಬೆಲೆಕಟ್ಟುವ ಸೂತ್ರವನ್ನು ಪ್ರಕಟಿಸಿದರು. ಆಪ್ಷನ್ ಎಂದರೆ, ಇಂದೇ ಗೊತ್ತುಮಾಡಿದ ಬೆಲೆಗೆ ಮುಂದೊಂದು ದಿನ ಷೇರನ್ನು ಕೊಳ್ಳುವ ಅಥವಾ ಮಾರುವ ಹಕ್ಕು. ಕೊಳ್ಳಲೇಬೇಕು, ಮಾರಲೇಬೇಕು ಎಂಬ ಬಂಧನವಿಲ್ಲ. ಈ ಕೆಲಸವನ್ನು ಬೆಳೆಸಿದ ರಾಬರ್ಟ್ ಮರ್ಟನ್ ಮತ್ತು ಷೋಲ್ಸ್ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಬ್ಲ್ಯಾಕ್ 1995ರಲ್ಲಿಯೇ ತೀರಿಕೊಂಡಿದ್ದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮರ್ಟನ್ ಮತ್ತು ಷೋಲ್ಸ್ ಇಬ್ಬರೂ 'ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್' ಎಂಬ ಅಮೆರಿಕದ ಹೂಡಿಕೆ ನಿಧಿಯಲ್ಲಿ ಪಾಲುದಾರರಾಗಿದ್ದರು. ನೊಬೆಲ್ ಬಂದ ಮರುವರ್ಷ, 1998ರ ಆಗಸ್ಟಿನಲ್ಲಿ, ರಷ್ಯಾ ತನ್ನ ಸಾಲ ತೀರಿಸಲಾರದೆ ಕೈಚೆಲ್ಲಿತು. ಬೇರೆಬೇರೆಯಾಗಿ ಏರಿಳಿಯುತ್ತವೆ ಎಂದುಕೊಂಡಿದ್ದ ಹೂಡಿಕೆಗಳೆಲ್ಲ ಒಟ್ಟಿಗೆ ಕುಸಿದವು. ನಿಧಿಯ ಬಹುಪಾಲು ಹೂಡಿಕೆ ಸಾಲದ ಹಣದಿಂದ ಆಗಿದ್ದುದರಿಂದ ನಷ್ಟ ಹಲವು ಪಟ್ಟು ಬೆಳೆಯಿತು. ಕೊನೆಗೆ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ಸಭೆ ಕರೆದು, 14 ಸಂಸ್ಥೆಗಳು ಸುಮಾರು 360 ಕೋಟಿ ಡಾಲರ್ ತೊಡಗಿಸಿ ಅದನ್ನು ಉಳಿಸಬೇಕಾಯಿತು. ಸೂತ್ರದ ಬೀಜಗಣಿತದಲ್ಲಿ ತಪ್ಪಿರಲಿಲ್ಲ. ಲೋಕವು ಸೂತ್ರದ ಊಹೆಗಳಂತೆ ನಡೆದುಕೊಳ್ಳುತ್ತದೆ ಎಂದು ನಂಬಿದ್ದು ತಪ್ಪಾಯಿತು. ಬರೀ ಗಣಿತ ಕಲಿತವನಿಗೆ ಪೇಟೆಯ ಭಯ ಗೊತ್ತಿರುವುದಿಲ್ಲ. ಬರೀ ಹಣಕಾಸು ಕಲಿತವನಿಗೆ ಸೂತ್ರದ ಊಹೆಗಳು ಕಾಣುವುದಿಲ್ಲ. ಎರಡನ್ನೂ ಜೊತೆಗೆ ಕಲಿಯಬೇಕು ಎನ್ನುವುದು ಇದಕ್ಕಾಗಿಯೇ.

ಇನ್ನು ಪಾಠಕ್ರಮ. ಮೊದಲ ವರ್ಷ ಸಾಮಾನ್ಯವಾಗಿ ಕಲನಶಾಸ್ತ್ರ, ಬೀಜಗಣಿತ, ಸಂಭವನೀಯತೆ, ಅವುಗಳ ಜೊತೆಗೆ ಲೆಕ್ಕಪತ್ರ ಮತ್ತು ಅರ್ಥಶಾಸ್ತ್ರ. ಆಮೇಲೆ ಅವಕಲ ಸಮೀಕರಣ, ಸಂಖ್ಯಾಶಾಸ್ತ್ರ, ಕಂಪನಿಗಳ ಹಣಕಾಸು, ಕಂಪ್ಯೂಟರ್ ಪ್ರೋಗ್ರಾಮಿಂಗ್. ಕೊನೆಯ ವರ್ಷದಲ್ಲಿ ಹೂಡಿಕೆ, ಆಪ್ಷನ್‌ಗಳ ಬೆಲೆ, ನಷ್ಟಸಂಭವದ ಅಳತೆ, ಮತ್ತು ಒಂದು ಪ್ರಾಜೆಕ್ಟ್. ಆನರ್ಸ್ ಪದವಿ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ, ಸ್ಕಾಟ್ಲೆಂಡಿನಲ್ಲಿ ನಾಲ್ಕು. ನಮ್ಮ ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಆನರ್ಸ್ ನಾಲ್ಕು ವರ್ಷದ್ದು. ಕರ್ನಾಟಕ ಈ ಕ್ರಮವನ್ನು 2021-22ರಲ್ಲಿ ತಂದು, 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಸೇರುವ ಮುನ್ನ ಆಯಾ ಸಂಸ್ಥೆಯ ವಿವರಣಪತ್ರಿಕೆಯನ್ನು ಪೂರ್ತಿ ಓದಿರಿ.

ಎಸ್.ಎಸ್.ಎಲ್.ಸಿ.ಯಲ್ಲಿರುವವರು ಒಂದು ಸಂಗತಿಯನ್ನು ಈಗಲೇ ಗಮನಿಸಬೇಕು. ಇಂಥ ಪದವಿಗಳಿಗೆ ಸಾಮಾನ್ಯವಾಗಿ ಪಿ.ಯು.ಸಿ.ಯಲ್ಲಿ ಗಣಿತ ಓದಿರಬೇಕು. ಕಾಮರ್ಸ್ ತೆಗೆದುಕೊಂಡರೂ ಗಣಿತವನ್ನು ಬಿಡಬೇಡಿ. ಬಿಟ್ಟ ಮೇಲೆ ಈ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ಪದವಿಯ ನಂತರ ಬ್ಯಾಂಕು, ವಿಮೆ, ಹೂಡಿಕೆ ಸಂಸ್ಥೆಗಳಲ್ಲಿ ಕೆಲಸಗಳುಂಟು, ಸಂಶೋಧನೆಯೂ ಉಂಟು. ವಿಮೆಯ ಕಂತನ್ನು ಲೆಕ್ಕಹಾಕುವ ತಜ್ಞರಿಗೆ 'ಆಕ್ಚುಯರಿ' ಎನ್ನುತ್ತಾರೆ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿಯೇ ಬ್ರೆಸ್ಲಾ ನಗರದ ಜನನ-ಮರಣಗಳ ಪಟ್ಟಿಯಿಂದ ವರ್ಷಾಶನಗಳ ಬೆಲೆ ಲೆಕ್ಕಹಾಕಿದ್ದನು. ನಮ್ಮ ದೇಶದಲ್ಲಿ ಆಕ್ಚುಯರಿ ಆಗಲು ಪದವಿಯೊಂದೇ ಸಾಲದು. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುವ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಬೇಕು. ಅದಕ್ಕೆ ವರ್ಷಗಳ ತಾಳ್ಮೆ ಬೇಕು.

ಕೊನೆಯದಾಗಿ ಒಂದು ಮನೆಗೆಲಸ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಸಾಲದ ಇಲ್ಲವೆ ವಿಮೆಯ ಕಾಗದವನ್ನು ಹಿರಿಯರ ಜೊತೆ ಕುಳಿತು ಓದಿರಿ. ಅದರಲ್ಲಿರುವ ದರ ಯಾವ ಮೊತ್ತದ ಮೇಲೆ, ಎಷ್ಟು ಕಾಲಕ್ಕೆ ಎಂದು ಕೇಳಿರಿ. ಆ ಲೆಕ್ಕದಲ್ಲಿ ನಿಮಗೆ ಆಸಕ್ತಿ ಮೂಡಿದರೆ ಈ ಪದವಿಯತ್ತ ಧೈರ್ಯವಾಗಿ ಹೆಜ್ಜೆ ಇಡಬಹುದು. ಮೂಡದಿದ್ದರೂ ನಷ್ಟವಿಲ್ಲ, ಮನೆಯ ಲೆಕ್ಕವಂತೂ ಅರ್ಥವಾಗಿರುತ್ತದೆ.